ಬ್ಯಾಟರಿಯ ಕೈಯಂತ್ರಗಳು: ಅವುಗಳ ಬ್ಯಾಟರಿಗೆ ಚಾರ್ಜು ಕೊಡುವ ಮತ್ತು ಅದನ್ನು ಕಾಪಾಡುವ ಕ್ರಮ

ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರು, ದ್ರಾಕ್ಷಿ ದಾಳಿಂಬೆಗಳ ಕಡ್ಡಿಯನ್ನು ಸವರುವ ಬ್ಯಾಟರಿ ಕತ್ತರಿ, ಕೊಂಬೆ ಕೊಯ್ಯುವ ಸಣ್ಣ ಗರಗಸ, ಕಳೆ ಕೊಯ್ಯುವ ಯಂತ್ರ, ಮರಗೆಲಸಕ್ಕೆ ಬೇಕಾಗುವ ಬೈರಿಗೆ, ಇವು ಈಚಿನ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಬಂದು ಸೇರಿರುವುದು ಸರಿಯಷ್ಟೆ. ಇವುಗಳಿಗೆ ತಂತಿಯ ಹಂಗಿಲ್ಲ, ಪೆಟ್ರೋಲಿನ ಖರ್ಚಿಲ್ಲ, ಹೊಗೆಯಿಲ್ಲ, ದಿನವೆಲ್ಲ ಹಿಡಿಯನ್ನು ಆಡಿಸಿ ಆಳಿನ ತೋಳು ಸೋಲುವುದೂ ಇಲ್ಲ. ಆದರೆ ಇವುಗಳ ಜೀವವೆಲ್ಲವೂ ಬ್ಯಾಟರಿಯಲ್ಲಿದೆ. ಯಂತ್ರದ ಬೆಲೆಯಲ್ಲಿ ದೊಡ್ಡದೊಂದು ಪಾಲು ಬ್ಯಾಟರಿಯದೇ ಆಗಿರುವುದರಿಂದ, ಅದು ಕೆಟ್ಟ ಮೇಲೆ ಉಳಿದ ಭಾಗಗಳು ಎಷ್ಟೇ ಗಟ್ಟಿಯಾಗಿದ್ದರೂ ಯಂತ್ರವು ಮೂಲೆಗೆ ಸೇರುವುದು.

ಈ ಯಂತ್ರಗಳನ್ನು ಕೊಂಡ ಜಮೀನುದಾರರಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ ಬಗೆಯದು. ಮೊದಲನೆಯ ಹಂಗಾಮಿನಲ್ಲಿ ಯಂತ್ರವು ಚೆನ್ನಾಗಿ ಕೆಲಸಮಾಡಿತು. ಎರಡನೆಯದರಲ್ಲಿ ಸ್ವಲ್ಪ ಸೊರಗಿತು. ಮೂರನೆಯ ಹಂಗಾಮಿಗೆ ಹೊರತೆಗೆದರೆ ಎರಡು ಕ್ಯಾನು ಔಷಧಿ ಹೊಡೆಯುವಷ್ಟರಲ್ಲಿಯೇ ನಿಂತುಹೋಗುತ್ತದೆ ಎಂಬುದು. ಬಹಳ ದುಡಿಸಿದ್ದರಿಂದ ಬ್ಯಾಟರಿಯು ಸವೆಯಿತೆಂದು ಅವರು ಭಾವಿಸುವರು. ಅಥವಾ ಅಂಗಡಿಯವರು ಹಳೆಯ ಮಾಲು ಕೊಟ್ಟರೆಂದು ದೂರುವರು. ಕೆಲವು ಕಡೆ ಎರಡನೆಯದು ನಿಜವಿದ್ದರೂ ಇರಬಹುದು. ಆದರೆ ವರ್ಷಕ್ಕೆ ಮೂವತ್ತು ನಲವತ್ತು ದಿನ ಮಾತ್ರ ದುಡಿಯುವ ಬ್ಯಾಟರಿಯು ದುಡಿಮೆಯಿಂದ ಸಾಯುವುದು ಅಪರೂಪ. ಉಳಿದ ಮುನ್ನೂರು ಚಿಲ್ಲರೆ ದಿನಗಳು ಅದು ಎಲ್ಲಿ, ಯಾವ ಸ್ಥಿತಿಯಲ್ಲಿ ಬಿದ್ದಿತ್ತು ಎಂಬುದನ್ನು ವಿಚಾರಿಸಿದರೆ ಕಾರಣವು ಸಾಧಾರಣವಾಗಿ ಅಲ್ಲಿಯೇ ಸಿಕ್ಕುವುದು.

ಇದರಲ್ಲಿ ಒಂದು ತೊಡಕುಂಟು. ಬಳಕೆಯಲ್ಲಿರುವ ಬ್ಯಾಟರಿಗಳು ಮುಖ್ಯವಾಗಿ ಎರಡು ಜಾತಿಯವು. ಒಂದು ಜಾತಿಯನ್ನು ಕಾಪಾಡುವ ಕ್ರಮವೇ ಇನ್ನೊಂದನ್ನು ಕೆಡಿಸುವುದು. ಆದಕಾರಣ ನೆರೆಮನೆಯವರು ತಮ್ಮ ಬ್ಯಾಟರಿಯ ವಿಷಯದಲ್ಲಿ ಹೇಳಿದ ಬುದ್ಧಿಯನ್ನು ತನ್ನ ಬ್ಯಾಟರಿಗೆ ಅನ್ವಯಿಸುವುದಕ್ಕೆ ಮೊದಲು ಅದರ ಜಾತಿ ಯಾವುದೆಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ.

ಜಾತಿಯನ್ನು ತಿಳಿಯುವ ಬಗೆ

ಬ್ಯಾಟರಿ ಸ್ಪ್ರೇಯರುಗಳಲ್ಲಿ ಹೆಚ್ಚಾಗಿ ಇರುವುದು ಸೀಸದ ಬ್ಯಾಟರಿ. ಇದು ಮೋಟಾರುಗಾಡಿಯ ಬ್ಯಾಟರಿಯ ತಮ್ಮನೇ ಸರಿ. ಒಳಗೆ ಸೀಸದ ಫಲಕಗಳೂ ಗಂಧಕಾಮ್ಲವೂ ಇರುತ್ತವೆ. ಆಮ್ಲವು ಹೊರಗೆ ಚೆಲ್ಲದಂತೆ ಮುಚ್ಚಳವನ್ನು ಭದ್ರಮಾಡಿರುವರು. ಸಾಮಾನ್ಯವಾಗಿ ಇದರ ಮೇಲೆ 12 ವೋಲ್ಟು, 8 ಅಥವಾ 12 ಆಂಪಿಯರ್-ಗಂಟೆ ಎಂದು ಬರೆದಿರುವುದು. ಎರಡನೆಯದು ಲಿಥಿಯಂ ಬ್ಯಾಟರಿ. ಕತ್ತರಿ, ಗರಗಸ, ಬೈರಿಗೆ ಮುಂತಾದ ಕೈಯಂತ್ರಗಳಲ್ಲಿ ಈಗ ಇದೇ ಬಳಕೆಯಲ್ಲಿದೆ. ಈಚೆಗೆ ಕೆಲವು ಸ್ಪ್ರೇಯರುಗಳಿಗೂ ಇದನ್ನು ಹಾಕುತ್ತಿದ್ದಾರೆ. ಕೈಯಲ್ಲಿ ಎತ್ತಿ ನೋಡಿದರೆ ವ್ಯತ್ಯಾಸವು ಒಡನೆಯೇ ತಿಳಿಯುವುದು. 12 ವೋಲ್ಟಿನ 8 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯು ಎರಡೂವರೆ ಕಿಲೋಗ್ರಾಮಿನಷ್ಟು ತೂಗುವುದು. ಅದರಲ್ಲಿ ಅಡಗಿರುವ ಶಕ್ತಿಯು 12ನ್ನು 8ರಿಂದ ಗುಣಿಸಿದಷ್ಟು, ಎಂದರೆ 96 ವಾಟ್-ಗಂಟೆ. 18 ವೋಲ್ಟಿನ 5 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ 90 ವಾಟ್-ಗಂಟೆ ಶಕ್ತಿಯಿದ್ದರೂ ಅದರ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ.

ಇವೆರಡೂ ಅಲ್ಲದೆ ನಿಕ್ಕಲ್-ಕ್ಯಾಡ್ಮಿಯಂ ಎಂಬ ಮೂರನೆಯ ಜಾತಿಯೊಂದುಂಟು. ತಂತಿಯಿಲ್ಲದ ಬೈರಿಗೆಯನ್ನು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪೆನಿಯವರು 1961ರಲ್ಲಿ ಮಾರಾಟಕ್ಕೆ ತಂದಾಗ ಅದರಲ್ಲಿದ್ದದ್ದು ಇದೇ ಜಾತಿಯ ಬ್ಯಾಟರಿ. ಲಿಥಿಯಂ ಬ್ಯಾಟರಿಯು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಜಪಾನಿನ ಸೋನಿ ಕಂಪೆನಿಯ ಮೂಲಕ. ಅದನ್ನು ಸಾಧ್ಯಮಾಡಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸೀಸದ್ದಾದರೋ ಇವೆಲ್ಲಕ್ಕಿಂತ ಹಿರಿಯದು. ಫ್ರಾನ್ಸಿನ ಪ್ಲಾಂಟೆ ಎಂಬವನು 1859ರಲ್ಲಿ ಅದನ್ನು ಕಂಡುಹಿಡಿದನು. ನಿಕ್ಕಲಿನ ಜಾತಿಯು ಈಗ ಕೈಯಂತ್ರಗಳಲ್ಲಿ ವಿರಳವಾಗಿದೆ. ಆದರೆ ಅದು ಬಿಟ್ಟುಹೋದ ಒಂದು ತಪ್ಪು ಅಭ್ಯಾಸವು ಜನರಲ್ಲಿ ಇನ್ನೂ ಉಳಿದಿರುವುದರಿಂದ ಅದರ ಹೆಸರನ್ನು ಇಲ್ಲಿ ಎತ್ತಬೇಕಾಯಿತು. ಆ ವಿಷಯ ಮುಂದೆ ಬರುವುದು.

ಸೀಸದ ಬ್ಯಾಟರಿ

ಸೀಸದ ಬ್ಯಾಟರಿಯು ಕೆಲಸಮಾಡುವಾಗ ಅದರ ಫಲಕಗಳ ಮೇಲೆ ಸೀಸದ ಗಂಧಕಲವಣವು ನುಣುಪಾದ ಹಿಟ್ಟಿನಂತೆ ಕೂಡುತ್ತಾ ಬರುವುದು. ಚಾರ್ಜು ಕೊಟ್ಟಾಗ ಈ ಲವಣವು ಕರಗಿ, ಫಲಕವು ಮೊದಲಿನ ಸ್ಥಿತಿಗೆ ಬರುವುದು. ಇಷ್ಟು ಬೇಗ ನಡೆದರೆ ಯಾವ ಕೇಡೂ ಇಲ್ಲ. ಆದರೆ ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟಲ್ಲಿ, ಆ ಹಿಟ್ಟು ಗಟ್ಟಿ ಹರಳಾಗಿ ಫಲಕಕ್ಕೆ ಅಂಟಿಕೊಳ್ಳುವುದು. ಬಾನಿಯ ತಳದಲ್ಲಿ ಉಪ್ಪುನೀರಿನ ಗಾರು ಕಟ್ಟುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ಒಮ್ಮೆ ಹರಳುಗಟ್ಟಿದ ಭಾಗವು ಮತ್ತೆ ಚಾರ್ಜನ್ನು ಹಿಡಿಯುವುದಿಲ್ಲ. ಹೀಗೆ ಗಾರುಗಟ್ಟಿದ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದರೆ ಅರ್ಧ ಗಂಟೆಯಲ್ಲಿಯೇ ಹಸುರು ದೀಪವು ಹತ್ತುವುದು. ಮಾಲೀಕನು ಬಹು ಬೇಗ ತುಂಬಿತೆಂದು ಸಂತೋಷಪಡುವನು. ವಾಸ್ತವದಲ್ಲಿ ತುಂಬುವುದಕ್ಕೆ ಒಳಗೆ ಸ್ಥಳವೇ ಉಳಿದಿಲ್ಲವೆಂಬುದು ಅದರ ಅರ್ಥ.

ಇದರಿಂದ ಸೀಸದ ಬ್ಯಾಟರಿಯ ವಿಷಯದಲ್ಲಿ ಮೊದಲನೆಯ ನಿಯಮವು ವಿಶದವಾಗುವುದು: ಕೆಲಸ ಮುಗಿದ ದಿನವೇ, ಒಂದೇ ಕ್ಯಾನು ಹೊಡೆದಿದ್ದರೂ ಸಹ, ಅದನ್ನು ಚಾರ್ಜಿಗೆ ಹಾಕತಕ್ಕದ್ದು. ನಾಳೆ ನಾಡಿದ್ದು ಎಂದು ಮುಂದೂಡಕೂಡದು. ಪಂಪಿನ ಸದ್ದು ಕುಗ್ಗಿ, ಹನಿಗಳು ದಪ್ಪವಾಗಿ ಬೀಳತೊಡಗಿದ ಮೇಲೂ ಕಟ್ಟಕಡೆಯ ಹನಿಯವರೆಗೆ ದುಡಿಸುವುದು ಬ್ಯಾಟರಿಗೂ ಕೇಡು, ಬೆಳೆಗೂ ಕೇಡು. ಔಷಧಿಯು ಎಲೆಯ ಮೇಲೆ ಸಮನಾಗಿ ಕೂಡುವುದಿಲ್ಲ. ಪ್ರತಿ ಸಲವೂ ಪೂರ್ತಿ ಖಾಲಿಮಾಡಿದ ಸೀಸದ ಬ್ಯಾಟರಿಯು ಸುಮಾರು 200ರಿಂದ 250 ಸಲ ಚಾರ್ಜನ್ನು ತಡೆಯಬಲ್ಲುದು. ಅರ್ಧಕ್ಕೆ ನಿಲ್ಲಿಸಿ ತುಂಬುತ್ತಾ ಬಂದಲ್ಲಿ ಅದು ಹೆಚ್ಚುಕಡಮೆ ಎರಡರಷ್ಟು ಸಲ ಬಾಳುವುದು. 8 ಆಂಪಿಯರ್-ಗಂಟೆಯ ಖಾಲಿ ಬ್ಯಾಟರಿಯನ್ನು 1.7 ಆಂಪಿಯರಿನ ಚಾರ್ಜರಿನಿಂದ ತುಂಬುವುದಕ್ಕೆ ಐದಾರು ಗಂಟೆಯಾದರೂ ಬೇಕು. ಕರೆಂಟು ನಡುವೆ ಹೋಗುವ ಊರುಗಳಲ್ಲಿ ಎರಡು ಗಂಟೆ ಹಾಕಿ ತೆಗೆದುಬಿಡುವ ಅಭ್ಯಾಸವುಂಟು. ಇಂತಹ ಅರೆಹೊಟ್ಟೆಯೇ ತಿಂಗಳುಗಟ್ಟಲೆ ಮುಂದುವರಿದರೆ ಗಾರು ಕಟ್ಟುವುದು ತಪ್ಪದು.

ಎರಡನೆಯ ಸಂಗತಿಯು ಹಂಗಾಮಿಲ್ಲದ ಕಾಲದ್ದು. ಸೀಸದ ಬ್ಯಾಟರಿಯು ಸುಮ್ಮನಿದ್ದರೂ ತನ್ನಷ್ಟಕ್ಕೆ ತಾನೇ ಖಾಲಿಯಾಗುತ್ತಿರುವುದು. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣಮಾನದಲ್ಲಿ ತಿಂಗಳಿಗೆ ನೂರಕ್ಕೆ ಮೂರರಂತೆ ಇಳಿಯುವ ಚಾರ್ಜು, ಪ್ರತಿ 10 ಡಿಗ್ರಿ ಶಾಖ ಹೆಚ್ಚಿದಂತೆ ಎರಡರಷ್ಟಾಗುವುದು. ಕಲಬುರಗಿಯ ಸೀಮೆಯ ತೊಗರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ಹೂವು ಕಾಯಿಗಳ ಕಾಲದಲ್ಲಿ, ಎಂದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಕಾಯಿಕೊರಕ ಹುಳುವಿಗೆ ಔಷಧಿ ಹೊಡೆಯುವರು. ಆ ಮೇಲೆ ಸ್ಪ್ರೇಯರು ಅಟ್ಟ ಸೇರಿದರೆ ಬಹುಪಾಲು ಮಂದಿಗೆ ಅದರ ನೆನಪು ಬರುವುದು ಮಳೆ ಹಿಡಿದ ಮೇಲೆಯೇ. ನಡುವೆ ಏಪ್ರಿಲ್ ಮೇ ತಿಂಗಳುಗಳ ಬಿಸಿಲು 40 ಡಿಗ್ರಿಯನ್ನು ದಾಟುವುದು. ಕೋಣೆಯ ಉಷ್ಣಮಾನವು ಸರಾಸರಿ 35 ಡಿಗ್ರಿಯೆಂದು ಹಿಡಿದರೂ ತಿಂಗಳಿಗೆ ನೂರಕ್ಕೆ ಆರರಂತೆ ಏಳು ತಿಂಗಳಲ್ಲಿ ನೂರಕ್ಕೆ ನಲವತ್ತರಷ್ಟು ಚಾರ್ಜು ಇಳಿದಿರುವುದು. ಕೊನೆಯ ದಿನ ಅರ್ಧ ಉಳಿದ ಬ್ಯಾಟರಿಯನ್ನು ಹಾಗೆಯೇ ಎತ್ತಿಟ್ಟಿದ್ದ ಪಕ್ಷದಲ್ಲಿ ಅದು ಮಳೆ ಹಿಡಿಯುವ ಹೊತ್ತಿಗೆ ಬಹುಮಟ್ಟಿಗೆ ಬರಿದಾಗಿ, ಆ ತಿಂಗಳುಗಳನ್ನು ಗಾರು ಕಟ್ಟಿಕೊಳ್ಳುವುದರಲ್ಲಿ ಕಳೆದಿರುವುದು. ಪೂರ್ತಿ ತುಂಬಿ ಇಟ್ಟು, ಎರಡು ತಿಂಗಳಿಗೊಮ್ಮೆ, ಬೇಸಗೆಯಲ್ಲಿ ತಿಂಗಳಿಗೊಮ್ಮೆ, ಚಾರ್ಜು ಕೊಟ್ಟಿದ್ದರೆ ಇದೇ ಬ್ಯಾಟರಿಯು ಇನ್ನೂ ಒಂದೆರಡು ವರ್ಷ ಬಾಳುತ್ತಿತ್ತು. ಅಮಾವಾಸ್ಯೆಯ ದಿನ ಚಾರ್ಜಿಗೆ ಹಾಕುವುದೆಂದು ಗೊತ್ತುಮಾಡಿಕೊಂಡರೆ ಮರೆವಿಗೆ ಎಡೆಯಿರುವುದಿಲ್ಲ. ಎತ್ತಿಡುವಾಗ ಬ್ಯಾಟರಿಯ ತಂತಿಯ ಜೋಡಣೆಯನ್ನು ಬಿಚ್ಚಿಡುವುದು ಒಳ್ಳೆಯದು. ಕೆಲವು ಸ್ಪ್ರೇಯರುಗಳಲ್ಲಿರುವ ಸಣ್ಣ ಸೂಚಕ ದೀಪವೂ ತಿಂಗಳುಗಳ ಮೇಲೆ ಬ್ಯಾಟರಿಯನ್ನು ಕುಡಿದುಬಿಡಬಲ್ಲುದು.

ಮುಚ್ಚಳ ಭದ್ರಮಾಡಿದ ಈ ಬ್ಯಾಟರಿಗಳನ್ನು ಬಿಚ್ಚಿ ನೀರು ತುಂಬುವ ಕೈಚಳಕವನ್ನು ಕೆಲವು ರಿಪೇರಿಯವರು ತೋರಿಸುವುದುಂಟು. ಒಂದೆರಡು ದಿನ ಚೇತರಿಸಿದಂತೆ ಕಂಡರೂ ಹರಳುಗಟ್ಟಿದ ಫಲಕವು ನೀರಿನಿಂದ ಸರಿಹೋಗುವುದಿಲ್ಲ. ಮುಚ್ಚಳದ ಬಿಗಿ ತಪ್ಪಿ ಆಮ್ಲವು ಹೊರುವವನ ಬೆನ್ನಿಗೆ ಸುರಿಯುವ ಅಪಾಯ ಮಾತ್ರ ಉಳಿಯುವುದು.

ಲಿಥಿಯಂ ಬ್ಯಾಟರಿ

ಸೀಸದ ಬ್ಯಾಟರಿಯು ತುಂಬಿದ ಹೊಟ್ಟೆಯಲ್ಲಿ ಸುಖವಾಗಿರುವುದಾದರೆ, ಲಿಥಿಯಂ ಬ್ಯಾಟರಿಯು ಅರ್ಧ ಹೊಟ್ಟೆಯಲ್ಲಿ ಸುಖವಾಗಿರುವುದು. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇದರ ಒಳಗಿನ ದ್ರವವು ಫಲಕಗಳೊಡನೆ ಮೆಲ್ಲಮೆಲ್ಲನೆ ಕೂಡಿ ಕೆಡುತ್ತಿರುವುದು. ಶಾಖವು ಸೇರಿದರೆ ಈ ಕೇಡು ತ್ವರೆಗೊಳ್ಳುವುದು. ಪರೀಕ್ಷೆ ಮಾಡಿದವರ ಅಳತೆಗಳು ಈ ಬಗೆಯವು. ನೂರಕ್ಕೆ ನಲವತ್ತರಷ್ಟು ಚಾರ್ಜಿನಲ್ಲಿ 25 ಡಿಗ್ರಿಯ ಸ್ಥಳದಲ್ಲಿ ಒಂದು ವರ್ಷ ಇಟ್ಟ ಬ್ಯಾಟರಿಯು ತನ್ನ ಹಿಡಿತದಲ್ಲಿ ನೂರಕ್ಕೆ ಸುಮಾರು ನಾಲ್ಕು ಭಾಗವನ್ನು ಮಾತ್ರ ಕಳೆದುಕೊಳ್ಳುವುದು. ಅದನ್ನೇ ಪೂರ್ತಿ ತುಂಬಿ ಇಟ್ಟಲ್ಲಿ ಸುಮಾರು ಇಪ್ಪತ್ತು ಭಾಗ ಹೋಗುವುದು. ಪೂರ್ತಿ ತುಂಬಿ 40 ಡಿಗ್ರಿಯ ಸೆಕೆಯಲ್ಲಿ ಇಟ್ಟಲ್ಲಿ ಸುಮಾರು ಮೂವತ್ತೈದು ಭಾಗ. ಎಂದರೆ, ಒಂದು ಕಡ್ಡಿಯನ್ನೂ ಕತ್ತರಿಸದೆ, ಬರಿಯ ಅಟ್ಟದ ಮೇಲೆ ಕುಳಿತು, ಬ್ಯಾಟರಿಯು ತನ್ನ ಆಯುಸ್ಸಿನ ಮೂರರಲ್ಲೊಂದು ಪಾಲನ್ನು ಒಂದೇ ವರ್ಷದಲ್ಲಿ ಕಳೆದುಕೊಂಡಂತಾಯಿತು. ಇದು ಚಾರ್ಜು ಇಳಿದುಹೋದ ಮಾತಲ್ಲ; ಮತ್ತೆ ತುಂಬಿದರೂ ಈ ನಷ್ಟವು ಹಿಂದಿರುಗುವುದಿಲ್ಲ.

ವಿಜಯಪುರ ಬಾಗಲಕೋಟೆಗಳ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಚಾಟನಿಗಳು: ಏಪ್ರಿಲಿನ ಸುಮಾರಿನಲ್ಲಿ ಒಂದು, ಅಕ್ಟೋಬರಿನ ಸುಮಾರಿನಲ್ಲಿ ಒಂದು. ಏಪ್ರಿಲಿನ ಚಾಟನಿ ಮುಗಿದೊಡನೆ, ಮುಂದಿನ ಸಲಕ್ಕೆ ಸಿದ್ಧವಾಗಿರಲೆಂದು ಬ್ಯಾಟರಿ ಕತ್ತರಿಗೆ ಪೂರ್ತಿ ಚಾರ್ಜು ಕೊಟ್ಟು ತಗಡಿನ ಚಾವಣಿಯ ಸಾಮಾನು ಮನೆಯಲ್ಲಿ ಜೋಪಾನವಾಗಿ ಇಡುವ ಶಿಸ್ತಿನ ಒಕ್ಕಲಿಗನು ತಿಳಿಯದೆ ತನ್ನ ಬ್ಯಾಟರಿಗೆ ಅತ್ಯಂತ ಕೆಟ್ಟ ಬೇಸಗೆಯನ್ನು ಕೊಟ್ಟಂತಾಯಿತು. ಅವನು ಮಾಡತಕ್ಕದ್ದು ಇಷ್ಟೆ: ಬ್ಯಾಟರಿಯ ಮೇಲೆ ನಾಲ್ಕು ದೀಪಗಳ ಸೂಚಕವಿದ್ದರೆ ಎರಡು ದೀಪ ಉರಿಯುವ ಮಟ್ಟದಲ್ಲಿ ನಿಲ್ಲಿಸಿ, ಯಂತ್ರದಿಂದ ಕಳಚಿ, ಮನೆಯೊಳಗಿನ ತಂಪಾದ ಕೋಣೆಯ ಕೆಳಗಿನ ಗೂಡಿನಲ್ಲಿ ಇಡುವುದು, ಎರಡು ಮೂರು ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ, ಒಂದೇ ದೀಪಕ್ಕೆ ಇಳಿದಿದ್ದರೆ ಸ್ವಲ್ಪ ಹೊತ್ತು ಚಾರ್ಜು ಕೊಡುವುದು. ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗಳು ಈ ಕೆಲಸಕ್ಕೆ ಹೊಸ ಕಟ್ಟಡಗಳಿಗಿಂತ ಅನುಕೂಲ. ತಂಪೆಂದು ಹೇಳಿದ್ದಕ್ಕಾಗಿ ತಂಪು ಪೆಟ್ಟಿಗೆಯಲ್ಲಿ ಇಡಬೇಕಾದದ್ದಿಲ್ಲ. ಹೊರತೆಗೆದಾಗ ಹಿಡಿಯುವ ನೀರಿನ ಪಸೆಯಿಂದ ಬೇರೆ ಕೇಡು ಬರುವುದು. ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಜೀಪು, ಕಾರುಗಳ ಒಳಗೆ ಮಾತ್ರ ಒಂದು ಮಧ್ಯಾಹ್ನವೂ ಬಿಡಕೂಡದು.

ಖಾಲಿಯಾಗಿ ಇಡುವುದೂ ಇದಕ್ಕೆ ಒಗ್ಗದು. ಇದರ ಒಂದೊಂದು ಸೆಲ್ಲೂ ತುಂಬಿದಾಗ 4.2 ವೋಲ್ಟು ಇರುವುದು. ಮೂರು ವೋಲ್ಟಿನ ಸುಮಾರಿಗೆ ಇಳಿದಾಗ ಖಾಲಿಯೆಂದು ಭಾವಿಸತಕ್ಕದ್ದು. ಖಾಲಿಯಾದದ್ದನ್ನು ತಿಂಗಳುಗಟ್ಟಲೆ ಬಿಟ್ಟು ಅದು ಎರಡೂವರೆ ವೋಲ್ಟಿಗಿಂತಲೂ ಕೆಳಗೆ ಇಳಿದರೆ, ಒಳಗಿನ ತಾಮ್ರದ ತಗಡು ಕರಗತೊಡಗುವುದು. ಆ ಮೇಲೆ ಒಳ್ಳೆಯ ಚಾರ್ಜರು ಅದನ್ನು ಒಪ್ಪಿಕೊಳ್ಳದೆ ಕೆಂಪು ದೀಪವನ್ನು ಮಿನುಗಿಸುವುದು. ಆಗ ಬೇರೆ ಬ್ಯಾಟರಿಯಿಂದ ತಂತಿ ಹಚ್ಚಿ ಅದನ್ನು ಬಲವಂತವಾಗಿ ಎಬ್ಬಿಸುವ ಉಪಾಯವನ್ನು ಕೆಲವರು ಹೇಳಿಕೊಡುವರು. ಚಾರ್ಜರು ಬೇಡವೆಂದದ್ದನ್ನು ಒತ್ತಾಯದಿಂದ ತುಂಬುವುದು ಮನೆಗೆ ಬೆಂಕಿಯನ್ನು ಕರೆದಂತೆ.

ಹಿಂದೆ ಹೇಳಿದ ತಪ್ಪು ಅಭ್ಯಾಸದ ವಿಷಯ ಇಲ್ಲಿ ಬರುವುದು. ಬ್ಯಾಟರಿಯನ್ನು ಪೂರ್ತಿ ಖಾಲಿಮಾಡಿಯೇ ಚಾರ್ಜಿಗೆ ಹಾಕಬೇಕು, ಇಲ್ಲದಿದ್ದರೆ ಅದು ಅರ್ಧದ ಅಭ್ಯಾಸವನ್ನು ಹಿಡಿಯುವುದು ಎಂಬ ಮಾತನ್ನು ಅಂಗಡಿಗಳಲ್ಲಿ ಇಂದಿಗೂ ಕೇಳಬಹುದು. ಇದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಒಂದು ಮಟ್ಟಿಗೆ ಸಲ್ಲುತ್ತಿದ್ದ ಮಾತು. ಲಿಥಿಯಂ ಬ್ಯಾಟರಿಗೆ ಅಂತಹ ಜ್ಞಾಪಕವಿಲ್ಲ. ಪೂರ್ತಿ ಖಾಲಿ, ಪೂರ್ತಿ ಭರ್ತಿ ಎಂಬ ಕ್ರಮದಲ್ಲಿ ಸಾಮಾನ್ಯವಾಗಿ 300ರಿಂದ 500 ಸಲ ನಡೆಯುವ ಬ್ಯಾಟರಿಯು, ಎರಡು ತುದಿಗಳನ್ನೂ ಮುಟ್ಟದೆ ನಡುವೆ ಆಡಿಸಿದಲ್ಲಿ ಬಹಳ ಹೆಚ್ಚು ಸಲ ನಡೆಯುವುದು. ಯಂತ್ರದ ವೇಗ ಕುಗ್ಗಿದ ಕೂಡಲೆ ನಿಲ್ಲಿಸಿ ಇನ್ನೊಂದು ಬ್ಯಾಟರಿಯನ್ನು ಹಾಕಿಕೊಳ್ಳುವುದು ಲೇಸು. ಹೊಸ ಬ್ಯಾಟರಿಗೆ ಮೊದಲು ಹನ್ನೆರಡು ಗಂಟೆ ಚಾರ್ಜು ಕೊಡಬೇಕೆಂಬ ಇನ್ನೊಂದು ಮಾತು ಕೂಡ ಇಂತಹದೇ.

ಬ್ಯಾಟರಿಯ ಮೇಲಿನ ಬರಹ

ಬೆಲೆ ಕೊಡುವವರು ಒಂದು ಸಣ್ಣ ಲೆಕ್ಕವನ್ನು ತಿಳಿದಿರಬೇಕು. ಒಂದು ಅಂಗಡಿಯಲ್ಲಿ 18 ವೋಲ್ಟಿನ ಯಂತ್ರ, ಇನ್ನೊಂದರಲ್ಲಿ 20 ವೋಲ್ಟಿನದು, ಮತ್ತೊಂದರಲ್ಲಿ 21 ವೋಲ್ಟಿನದು ಎಂದು ಇರುವುದು. ಒಳಗೆ ಬಹುತೇಕ ಎಲ್ಲದರಲ್ಲಿಯೂ ಸಾಲಾಗಿ ಜೋಡಿಸಿದ ಐದು ಸೆಲ್ಲುಗಳೇ. ಕೆಲಸದಲ್ಲಿರುವಾಗಿನ ಸರಾಸರಿ 3.6 ವೋಲ್ಟನ್ನು ಐದರಿಂದ ಗುಣಿಸಿದರೆ 18, ತುಂಬಿದಾಗಿನ 4.2ನ್ನು ಐದರಿಂದ ಗುಣಿಸಿದರೆ 21. ದೊಡ್ಡ ಅಂಕಿಯನ್ನು ಬರೆದವನ ಯಂತ್ರಕ್ಕೆ ಅದರಿಂದ ಬಲ ಹೆಚ್ಚುವುದಿಲ್ಲ. ನೋಡತಕ್ಕದ್ದು ಆಂಪಿಯರ್-ಗಂಟೆಯ ಅಂಕಿಯನ್ನು. ಅದರಲ್ಲಿಯೂ ಅಗ್ಗದ ಮಾಲಿನ ಮೇಲೆ ಬರೆದುದನ್ನೆಲ್ಲ ನಂಬುವಂತಿಲ್ಲ. ಬ್ಯಾಟರಿಯು ತನ್ನ ಗಾತ್ರದ ಇತರ ಬ್ಯಾಟರಿಗಳಿಗಿಂತ ಬಹಳ ಹಗುರವಾಗಿದ್ದು, ಅಂಕಿ ಮಾತ್ರ ಬಹಳ ದೊಡ್ಡದಾಗಿದ್ದರೆ ಅನುಮಾನಿಸಬೇಕು.

ಚಾರ್ಜರುಗಳು

ಈ ಲೇಖನದಲ್ಲಿ ಒಂದೇ ಸಂಗತಿಯನ್ನು ಜ್ಞಾಪಕದಲ್ಲಿಡುವವರು ಇದನ್ನು ಇಡಬೇಕು. ಸೀಸದ ಬ್ಯಾಟರಿಯ ಚಾರ್ಜರಿನ ತುದಿಯೂ ಲಿಥಿಯಂ ಬ್ಯಾಟರಿಯ ಚಾರ್ಜರಿನ ತುದಿಯೂ ಅನೇಕ ವೇಳೆ ಒಂದೇ ಅಳತೆಯ ದುಂಡನೆಯ ಪಿನ್ನಾಗಿರುತ್ತವೆ. ಎರಡರ ಮೇಲೂ 12 ವೋಲ್ಟೆಂದೇ ಬರೆದಿರಬಹುದು. ಆದರೆ ಸೀಸದ ಚಾರ್ಜರು 14.4 ವೋಲ್ಟಿನವರೆಗೆ, ಕೆಲವು ಅದಕ್ಕೂ ಮೇಲಕ್ಕೆ, ಏರುವುದು. ಮೂರು ಸೆಲ್ಲುಗಳ ಲಿಥಿಯಂ ಬ್ಯಾಟರಿಯು 12.6 ವೋಲ್ಟಿನಲ್ಲಿಯೇ ತುಂಬಿಹೋಗುವುದು. ಅದಕ್ಕೆ ಸೀಸದ ಚಾರ್ಜರನ್ನು ಚುಚ್ಚಿದರೆ ಸೆಲ್ಲೊಂದಕ್ಕೆ 4.8 ವೋಲ್ಟು ಬಿದ್ದಂತಾಯಿತು. ಒಳಗೆ ಕಾವಲಿನ ಸರ್ಕ್ಯೂಟು ಇಲ್ಲದಿದ್ದರೆ, ಅಥವಾ ಅದು ಕೆಟ್ಟಿದ್ದರೆ, ಬ್ಯಾಟರಿಯು ಊದಿ ಉರಿಯುವುದು. ವಿರುದ್ಧವಾಗಿ, 12.6 ವೋಲ್ಟಿನ ಲಿಥಿಯಂ ಚಾರ್ಜರನ್ನು ಸೀಸದ ಬ್ಯಾಟರಿಗೆ ಹಾಕಿದರೆ ಬೆಂಕಿಯೇನೂ ಏಳುವುದಿಲ್ಲ. ಅದು ಎಂದಿಗೂ ಪೂರ್ತಿ ತುಂಬದೆ ಮೆಲ್ಲನೆ ಗಾರುಗಟ್ಟಿ ಸಾಯುವುದು. ಒಂದೇ ಮನೆಯಲ್ಲಿ ಹಳೆಯ ಸ್ಪ್ರೇಯರೊಂದು, ಹೊಸದೊಂದು ಇರುವ ಕಡೆ ಈ ಅದಲುಬದಲು ಸುಲಭವಾಗಿ ನಡೆಯುವುದು. ಚಾರ್ಜರಿಗೂ ಅದರ ಯಂತ್ರಕ್ಕೂ ಒಂದೇ ಬಣ್ಣದ ಗುರುತನ್ನು ಹಚ್ಚಿಡಬೇಕು: ಸೀಸಕ್ಕೆ ಬಿಳಿಯದು, ಲಿಥಿಯಂಗೆ ಕೆಂಪು ಎಂದು ಊರಿಗೆಲ್ಲ ಒಂದೇ ಗುರುತನ್ನು ಗೊತ್ತುಮಾಡಿದರೆ ಇನ್ನೂ ಒಳ್ಳೆಯದು. ಅಕ್ಷರ ಬಾರದ ಆಳುಗಳಿಗೆ ಕಾಗದದ ಚೀಟಿಯಿಂದ ಪ್ರಯೋಜನವಿಲ್ಲ.

ಚಾರ್ಜು ಕೊಡುವುದಕ್ಕೆ ಪಂಪುಮನೆಯು ತಕ್ಕ ಸ್ಥಳವಲ್ಲ. ಮೂರು ಫೇಸಿನ ಲೈನಿನಿಂದ ಹೇಗೋ ಒಂದು ಎಳೆಯನ್ನು ಎಳೆದು ದೀಪ ಹಚ್ಚಿಕೊಳ್ಳುವ ಕಡೆ, ನ್ಯೂಟ್ರಲ್ ತಂತಿಯು ಸಡಿಲವಾದರೆ 230 ವೋಲ್ಟು ಇರಬೇಕಾದಲ್ಲಿ 400 ವೋಲ್ಟಿನವರೆಗೂ ನುಗ್ಗಬಹುದು. ಮನೆಯ ಲೈನಿನಲ್ಲಿ, ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲೆ, ಗಾಳಿಯಾಡುವ ಪಡಸಾಲೆಯಲ್ಲಿ ಇಟ್ಟು ಚಾರ್ಜು ಕೊಡಬೇಕು. ಹುಲ್ಲು, ಗೋಣಿ, ಹಾಸಿಗೆ, ಪೆಟ್ರೋಲು ಇವುಗಳ ಹತ್ತಿರವಾಗಲಿ, ಮನೆಯವರು ಹೊರಕ್ಕೆ ಓಡಬೇಕಾದ ಬಾಗಿಲಿಗೆ ಅಡ್ಡವಾಗಲಿ ಇಡಕೂಡದು. ಬಿಸಿಲಿನಲ್ಲಿ ದುಡಿದು ಕೈಗೆ ಬಿಸಿಯಾಗಿರುವ ಲಿಥಿಯಂ ಬ್ಯಾಟರಿಯನ್ನು ಅರ್ಧ ಮುಕ್ಕಾಲು ಗಂಟೆ ನೆರಳಿನಲ್ಲಿ ಆರಿಸಿದ ಮೇಲೆಯೇ ಚಾರ್ಜಿಗೆ ಹಾಕತಕ್ಕದ್ದು. 45 ಡಿಗ್ರಿಗಿಂತ ಹೆಚ್ಚು ಶಾಖವಿರುವಾಗ ಅದನ್ನು ತುಂಬಬಾರದು. ಒಳ್ಳೆಯ ಕಂಪೆನಿಗಳ ಚಾರ್ಜರುಗಳು ತಾವೇ ಕಾದಿದ್ದು ಆ ಮೇಲೆ ಆರಂಭಿಸುತ್ತವೆ. ಚಾರ್ಜರು ಕೆಟ್ಟಿತೆಂದು ತಿಳಿದು ಆಗ ಅದನ್ನು ತಟ್ಟುವುದು ಅನಾವಶ್ಯಕ. ರಾತ್ರಿಯೆಲ್ಲ ಹಾಕಿ ಮಲಗುವುದು ಸೀಸದ ಬ್ಯಾಟರಿಗೆ, ತಾನಾಗಿ ಇಳಿಯುವ ಚಾರ್ಜರಿದ್ದಲ್ಲಿ, ದೋಷವಲ್ಲ. ಹೆಸರು ವಿಳಾಸವಿಲ್ಲದ ಲಿಥಿಯಂ ಬ್ಯಾಟರಿಯನ್ನು ಮಾತ್ರ ಮನೆಯವರು ಎದ್ದಿರುವ ಹೊತ್ತಿನಲ್ಲಿಯೇ ತುಂಬುವುದು ಕ್ಷೇಮ.

ಸೂರ್ಯಶಾಖದ ಫಲಕದಿಂದ ಚಾರ್ಜು ಕೊಡುವವರು ಅದನ್ನು ನೇರವಾಗಿ ಬ್ಯಾಟರಿಗೆ ಜೋಡಿಸಕೂಡದು. 12 ವೋಲ್ಟಿನದೆಂದು ಮಾರುವ ಫಲಕವು ಪೂರ್ಣ ಬಿಸಿಲಿನಲ್ಲಿ ಹೊರೆಯಿಲ್ಲದಿರುವಾಗ 21 ವೋಲ್ಟಿನಷ್ಟು ಕೊಡುವುದು. ನಡುವೆ ಆ ಜಾತಿಯ ಬ್ಯಾಟರಿಗೆ ತಕ್ಕ ನಿಯಂತ್ರಕವಿರಲೇಬೇಕು.

ಕೆಲಸದ ದಿನಗಳಲ್ಲಿ ನೋಡತಕ್ಕವು

ಮಲೆನಾಡಿನಲ್ಲಿ ಮೆಣಸಿನ ಬಳ್ಳಿಗೂ ಎಳೆಯ ಅಡಕೆಗೂ ಬೋರ್ಡೋ ದ್ರಾವಣವನ್ನು ಹೊಡೆಯುವ ಸ್ಪ್ರೇಯರುಗಳು ಬಯಲುಸೀಮೆಯವುಗಳಿಗಿಂತ ಬೇಗ ಕೆಡುವುದಕ್ಕೆ ಮೈಲುತುತ್ತವೇ ಒಂದು ಕಾರಣ. ತುತ್ತದ ನೀರು ಬ್ಯಾಟರಿಯ ಗೂಡಿಗೆ ಇಳಿದರೆ ಜೋಡಣೆಯ ತಗಡುಗಳಲ್ಲಿ ಹಸುರು ಕಿಲುಬು ಹಿಡಿದು, ಬ್ಯಾಟರಿಯು ಚೆನ್ನಾಗಿದ್ದರೂ ಕರೆಂಟು ಹರಿಯದಾಗುವುದು. ಕೆಲಸ ಮುಗಿದ ಮೇಲೆ ಸ್ವಚ್ಛವಾದ ನೀರನ್ನು ಪಂಪಿನ ಮೂಲಕ ಹಾಯಿಸಬೇಕೇ ಹೊರತು ಯಂತ್ರವನ್ನು ಕೆರೆಯಲ್ಲಿ ಮುಳುಗಿಸಿ ತೊಳೆಯಕೂಡದು. ಕಿಲುಬನ್ನು ಒಣಬಟ್ಟೆಯಿಂದ ಉಜ್ಜಿ ತೆಗೆದು, ಜೋಡಣೆಗೆ ತೆಳ್ಳಗೆ ವ್ಯಾಸಲೀನನ್ನು ಸವರಬಹುದು.

ಬ್ಯಾಟರಿಯ ಆರೋಗ್ಯವನ್ನು ತಿಳಿಯುವುದಕ್ಕೆ ಬೆಲೆಬಾಳುವ ಸಾಧನ ಬೇಕಿಲ್ಲ. ಹೊಸತರಲ್ಲಿ ಒಂದು ಚಾರ್ಜಿಗೆ ಎಷ್ಟು ಕ್ಯಾನು ಔಷಧಿ ಹೊಡೆಯಿತು, ಅಥವಾ ಎಷ್ಟು ಸಾಲು ಬಳ್ಳಿಯನ್ನು ಸವರಿತು ಎಂಬುದನ್ನು ಯಂತ್ರದ ಮೇಲೆಯೇ ಬಣ್ಣದಿಂದ ಬರೆದಿಡಬೇಕು. ಮುಂದೆ ಅದು ಅರ್ಧಕ್ಕೆ ಇಳಿದರೆ ಬ್ಯಾಟರಿಯ ಕಾಲ ಮುಗಿಯಿತೆಂದು ತಿಳಿಯಬಹುದು. ಎಲೆಕ್ಟ್ರಿಷಿಯನ್ ಬಳಿ ಮೀಟರು ಇದ್ದರೆ ಸೀಸದ ಬ್ಯಾಟರಿಯನ್ನು ಚಾರ್ಜಿನಿಂದ ತೆಗೆದು ಕೆಲವು ಗಂಟೆ ಬಿಟ್ಟು ಅಳೆಯಬೇಕು: 12.7 ವೋಲ್ಟು ಅಥವಾ ಮೇಲಿದ್ದರೆ ತುಂಬಿದೆ, 12.2ರ ಸುಮಾರು ಅರ್ಧ, 11.8ಕ್ಕಿಂತ ಕೆಳಗಾದರೆ ಬರಿದು. ತುಂಬಿದ ಮರುದಿನವೇ ಇದು ಬಹಳ ಇಳಿದಿದ್ದ ಪಕ್ಷದಲ್ಲಿ ಒಳಗಿನ ಒಂದು ಸೆಲ್ಲು ಹೋಗಿದೆ.

ಬೆಂಕಿಯ ಭಯ

ಬಿದ್ದು ಒಡೆದ, ಮಗ್ಗುಲು ಊದಿದ, ಸಿಹಿಯಾದ ಘಾಟುವಾಸನೆ ಬರುವ, ಅಥವಾ ಸುಮ್ಮನಿದ್ದಾಗಲೂ ಬೆಚ್ಚಗಿರುವ ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿಯಾಗಲಿ ಕೊಟ್ಟಿಗೆಯಲ್ಲಿಯಾಗಲಿ ಒಂದು ರಾತ್ರಿಯೂ ಇಡತಕ್ಕದ್ದಲ್ಲ. ಬಯಲಿನಲ್ಲಿ, ಬಣವೆಗಳಿಂದ ದೂರವಾಗಿ, ಮರಳು ತುಂಬಿದ ಮಣ್ಣಿನ ಬಾನಿಯಲ್ಲಿ ಇಡಬೇಕು. ಹೊತ್ತಿಕೊಂಡರೆ, ಮೊದಲು ಕರೆಂಟನ್ನು ಕಡಿದು, ದೂರದಿಂದ ಧಾರಾಳವಾಗಿ ನೀರನ್ನು ಸುರಿಯಬೇಕು. ಆರಿದಂತೆ ಕಂಡದ್ದು ಒಳಗಿನ ಶಾಖದಿಂದ ಮತ್ತೆ ಹೊತ್ತುವುದುಂಟಾದುದರಿಂದ ಬಹಳ ಹೊತ್ತು ನೀರು ಹಾಕುತ್ತಲೇ ಇರಬೇಕು. ಅದರ ಹೊಗೆಯು ವಿಷ. ಮಕ್ಕಳನ್ನೂ ದನಗಳನ್ನೂ ಗಾಳಿಯ ಎದುರು ದಿಕ್ಕಿಗೆ ಸಾಗಿಸಬೇಕು. ಬಿಡಿ ಬ್ಯಾಟರಿಗಳನ್ನು ಮೊಳೆ, ತಂತಿ, ಸ್ಪ್ಯಾನರುಗಳೊಡನೆ ಒಂದೇ ಚೀಲದಲ್ಲಿ ಹಾಕುವ ಅಭ್ಯಾಸವೂ ಬೆಂಕಿಗೆ ಕಾರಣವಾಗಬಹುದು. ಎರಡು ತುದಿಗಳನ್ನು ಒಂದು ಮೊಳೆ ಮುಟ್ಟಿದರೆ ಸಾಕು.

ಹಳೆಯ ಬ್ಯಾಟರಿಗಳು

ಗ್ರಾಮದ ಯಜಮಾನರು ವಿಶೇಷವಾಗಿ ಗಮನವಿಡಬೇಕಾದ ವಿಷಯವೊಂದುಂಟು. ಕೆಟ್ಟ ಸೀಸದ ಬ್ಯಾಟರಿಗೆ ಬೆಲೆಯಿರುವುದರಿಂದ ಅದು ಅಂಗಡಿಗೆ ಹಿಂದಿರುಗುವುದು. ಆದರೆ ಅದನ್ನು ಹಿತ್ತಿಲಿನಲ್ಲಿ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಒಲೆಯಲ್ಲಿ ಕರಗಿಸಿ ಬಲೆಯ ಗುಂಡುಗಳನ್ನೂ ತೂಕದ ಬಟ್ಟುಗಳನ್ನೂ ಎರೆಯುವ ಕೆಲಸವು ಎಲ್ಲಿಯಾದರೂ ನಡೆಯುತ್ತಿದ್ದರೆ ತಡೆಯಬೇಕು. ಆ ಹೊಗೆ ಧೂಳುಗಳಲ್ಲಿರುವ ಸೀಸವು ಎಳೆಯ ಮಕ್ಕಳ ಮಿದುಳನ್ನು ಕೆಡಿಸುವುದು. ಲಿಥಿಯಂ ಬ್ಯಾಟರಿಗೆ ಹಳ್ಳಿಯಲ್ಲಿ ಬೆಲೆ ಕಟ್ಟುವವರಿಲ್ಲದ್ದರಿಂದ ಅದು ತಿಪ್ಪೆಗೆ ಬೀಳುವುದು. ಭಾರತ ಸರ್ಕಾರದವರು 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳಂತೆ, ಬ್ಯಾಟರಿಯನ್ನು ತಯಾರಿಸುವವರೂ ಹೊರದೇಶದಿಂದ ತರಿಸುವವರೂ ಹಳೆಯದನ್ನು ಹಿಂದಕ್ಕೆ ಪಡೆದು ಸಂಸ್ಕರಣಕ್ಕೆ ಕಳುಹಿಸುವ ಹೊಣೆಯನ್ನು ಹೊತ್ತಿದ್ದಾರೆ. ಬಳಸುವವನು ಅದನ್ನು ಬೇರೆ ಕಸದೊಡನೆ ಬೆರಸದೆ, ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು. ಕೊಳ್ಳುವಾಗಲೇ ಅಂಗಡಿಯವರನ್ನು ಈ ವಿಷಯದಲ್ಲಿ ಕೇಳಿಟ್ಟುಕೊಳ್ಳುವುದು ಅನುಕೂಲ. ಊರಿನಲ್ಲಿ ಸಹಕಾರ ಸಂಘವಿದ್ದರೆ, ಅದರ ಕಟ್ಟಡದ ಹೊರಗೆ, ಮಳೆ ತಾಕದ ಕಡೆ, ಮರಳಿನ ಬಾನಿಯೊಂದನ್ನು ಇಡಿಸಿ, ತುದಿಗಳಿಗೆ ಅಂಟುಪಟ್ಟಿ ಸುತ್ತಿದ ಹಳೆಯ ಬ್ಯಾಟರಿಗಳನ್ನು ಅದರಲ್ಲಿ ಕೂಡಿಹಾಕಿ, ಹಂಗಾಮಿಗೊಮ್ಮೆ ಪೇಟೆಗೆ ಕಳುಹಿಸಬಹುದು.

ಬಾಡಿಗೆಗೆ ಯಂತ್ರಗಳನ್ನು ಕೊಡುವ ಸಂಘಗಳೂ ಕೃಷಿ ಯಂತ್ರಧಾರೆಯಂತಹ ಕೇಂದ್ರಗಳೂ ಪ್ರತಿ ಬ್ಯಾಟರಿಗೆ ಒಂದು ನಂಬರನ್ನು ಕೊಟ್ಟು, ಅದರ ಜಾತಿ, ಕೊಂಡ ತಿಂಗಳು, ಕಡೆಯ ಸಲ ಚಾರ್ಜು ಕೊಟ್ಟ ತಾರೀಖು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯಂತ್ರಗಳನ್ನು ಕೊಳ್ಳುವಾಗ ಒಂದೇ ಕಂಪೆನಿಯ ಒಂದೇ ಬ್ಯಾಟರಿಗೆ ಹೊಂದುವ ಕತ್ತರಿ, ಗರಗಸ, ಬೈರಿಗೆಗಳನ್ನು ಆರಿಸಿಕೊಂಡಲ್ಲಿ, ನಾಲ್ಕು ಯಂತ್ರಗಳಿಗೆ ಎಂಟು ಬ್ಯಾಟರಿಗಳ ಬದಲು ಮೂರು ನಾಲ್ಕರಲ್ಲಿಯೇ ಕೆಲಸ ಸಾಗುವುದು. ಅವು ಮೂಲೆಯಲ್ಲಿ ಕುಳಿತು ಕೆಡುವುದಕ್ಕೆ ಅವಕಾಶವೂ ಕಡಿಮೆಯಾಗುವುದು.